ಹರಿದದ್ದಾದರೂ ಈಗಿನದು

ರಾತ್ರಿ ಹನ್ನೊಂದೂಕಾಲಿಗೆ ಅಕ್ಕನ ಮಗನ ಫೋನು:
"ಚೋಚ್ಯಾ, ಶಬ್ದ ಹರಿಯುತ್ತಿದೆ."
ಹರಿದರೆ ಒಳ್ಳೆಯದಲ್ಲವೇನೋ, ಅಂದೆ.
"ಹೊಳೆಯ ಹಾಗಲ್ಲ, ಹಳೇ ಬೆಡ್‌ಶೀಟಿನ ಹಾಗೆ."

ಟ್ರಾಮ್ ಡಿಪೋದಿಂದ ಬಂದು ಆಗಷ್ಟೇ
ಕೈಯ ಗ್ರೀಸು ತೊಳೆದಿದ್ದೆ. ಹೊರಗೆ
ವೂಚ್ ನಗರದ ಫೆಬ್ರವರಿ, ಕಾಲುದಾರಿಯ ಮಂಜಿಗೆ ಉಪ್ಪು.
ಮೂರು ನಿಲ್ದಾಣ ದಾಟಿ, ನಾಲ್ಕು ಮಹಡಿ ಹತ್ತಿ ಹೋದರೆ
ಕತ್ತಲಲ್ಲೇ ಕೂತಿದ್ದಾನೆ ಕಾಯೆತಾನ್.
ಅಕ್ಕ ಆಸ್ಪತ್ರೆಯಲ್ಲಿ, ರಾತ್ರಿಪಾಳಿ.
ದೀಪ ಇವನಿಗೆ ಬೇಕಿಲ್ಲ. ಏಳನೇ ವರ್ಷಕ್ಕೇ
ಎರಡೂ ಕಣ್ಣು ಹೋದವು.
ಸ್ವಿಚ್ಚು ನಾನೇ ತಡಕಿದೆ.
ಮಾನಿಟರು ಗೋಡೆಗೆ ಮುಖ ಮಾಡಿ ಧೂಳು ಕುಡಿಯುತ್ತಿತ್ತು,
ತಿರುಗಿಸಿದೆ.

ಅವನ ಆಟ ಹೊಡೆದಾಟದ್ದು.
ಎಡಗಿವಿಯಲ್ಲಿ ಹೆಜ್ಜೆ ಬಂದರೆ ಎದುರಾಳಿ ಎಡಕ್ಕೆ,
ಬಟ್ಟೆ ಸರಕ್ಕೆಂದರೆ ಕಾಲೆತ್ತಿದ,
ಉಸಿರೆಳೆದರೆ ಗುದ್ದು ಬರುತ್ತಿದೆ.
ಓಸ್ತ್ರಾವದ ಯಾರೋ ಒಬ್ಬನನ್ನು
ಹೀಗೇ ಹದಿನೇಳು ಸಲ ಕೆಡವಿದ್ದಾನಂತೆ;
ಅವನಿಗಿನ್ನೂ ಗೊತ್ತಿಲ್ಲ, ಕೆಡವಿದವನಿಗೆ ಕಣ್ಣಿಲ್ಲವೆಂದು.

ಈಗ ಹೆಡ್‌ಫೋನಿನಲ್ಲಿ ಚರ್ ಚರ್,
ಕಾದ ಎಣ್ಣೆಗೆ ನೀರು ಸಿಡಿದಂತೆ.
ಹೆಜ್ಜೆ ಇರಬೇಕಾದಲ್ಲಿ ಒಂದು ತೂತು,
ತೂತಿನಾಚೆ ಗುದ್ದು.

ನಾನು ಲಿನಕ್ಸ್ ಕಲಿತದ್ದು ಇವನಿಗಾಗಿ.
ಡಿಪೋದವರು ಬಿಸಾಡಿದ ಕಂಪ್ಯೂಟರು,
ಹೊಸ ವಿಂಡೋಸ್ ಅದರ ಮೇಲೆ ಕೂರಲೊಲ್ಲದು.
ಟರ್ಮಿನಲ್ ತೆರೆದೆ. ಅವನು ಪಕ್ಕದಲ್ಲಿ
ನನ್ನ ಕೀಲಿಗಳ ಸದ್ದು ಆಲಿಸುತ್ತ,
"ತಪ್ಪು ಒತ್ತಿದೆ."
ಹೌದು, ಒತ್ತಿದ್ದೆ.

ಪೈಪ್‌ವೈರಿನ ಪಟ್ಟಿಯಲ್ಲೊಂದು ಅಂಕಣ,
ತಪ್ಪುಗಳ ಲೆಕ್ಕ. ಹನ್ನೆರಡು. ಹತ್ತೊಂಬತ್ತು. ನಲವತ್ತು.
ಆಟ ಕೊಡುವ ಮುಂಚೆಯೇ ಸೌಂಡ್‌ಕಾರ್ಡು ಕೈಚಾಚುತ್ತದೆ,
ಬರಿಗೈಯಲ್ಲಿ ಮರಳುತ್ತದೆ,
ಆ ಬರಿಗೈಯೇ ಚರ್.

ಸರಿ, ಬಟ್ಟಲು ದೊಡ್ಡದು ಮಾಡೋಣ.
ಇನ್ನೂರೈವತ್ತಾರರ ಬಫರು
ಸಾವಿರದ ಇಪ್ಪತ್ತನಾಲ್ಕಾಯಿತು,
ಎರಡು ಸಾವಿರದ ನಲವತ್ತೆಂಟಾಯಿತು.
ಅಂಕಣ ನಿಂತಿತು. ಸದ್ದು ಬೆಣ್ಣೆ.
ಗೆದ್ದೆನೆಂದು ಚಹಾಕ್ಕೆ ನೀರಿಟ್ಟೆ.

ನೀರು ಕುದಿಯುವ ಮುಂಚೆ ಮೂರು ಸಲ ಸೋತಿದ್ದ.
"ಚೋಚ್ಯಾ, ಎಲ್ಲ ಚೆಂದ ಕೇಳುತ್ತಿದೆ,
ಆದರೆ ಹೊಡೆತ ತಿಂದ ಮೇಲೆ ಕೇಳುತ್ತಿದೆ.
ಅವನ ಹೆಜ್ಜೆ ನನ್ನನ್ನು ಮುಟ್ಟುವಷ್ಟರಲ್ಲಿ
ಅವನು ಅಲ್ಲಿಲ್ಲ."

ಲೆಕ್ಕ ಹಾಕಿದೆ: ಸೆಕೆಂಡಿನ ಇಪ್ಪತ್ತಮೂರರಲ್ಲಿ ಒಂದು ಪಾಲು.
ನನ್ನ ಟ್ರಾಮಿನ ಬಾಗಿಲಿಗೆ ಅಷ್ಟು ತಡ ತಡವೇ ಅಲ್ಲ.

ಮತ್ತೆ ಮೊದಲಿನಿಂದ.
ಪ್ರೊಸೆಸರಿಗೆ ತೂಕಡಿಸಬೇಡ ಎಂದೆ;
ಫ್ಯಾನು ಗೊಣಗುತ್ತ ಎದ್ದಿತು.
ಕೀಬೋರ್ಡು, ಹೆಡ್‌ಫೋನು, ಬ್ರೈಲ್ ಪಟ್ಟಿ
ಮೂರೂ ಒಂದೇ ಯುಎಸ್‌ಬಿ ಹಬ್ಬಿಗೆ ಜೋತುಬಿದ್ದಿದ್ದವು,
ಒಂದೇ ನಲ್ಲಿಗೆ ಮೂರು ಕೊಡ.
ಹೆಡ್‌ಫೋನು ಕಿತ್ತು ಹಿಂಬದಿಯ ತೂತಿಗೆ ಸಿಕ್ಕಿಸಿದೆ,
ಮೇಜಿನಡಿ ತಲೆ ಬಡಿದುಕೊಂಡು.
ಬಫರು ಐನೂರ ಹನ್ನೆರಡು. ನೂರಿಪ್ಪತ್ತೆಂಟು.
ತಿರುಗಿ ಇನ್ನೂರೈವತ್ತಾರು.
ಯಾವುದರಿಂದ ತಹಬಂದಿಗೆ ಬಂತೋ ಹೇಳಲಾರೆ,
ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಟ್ಟಿದ್ದೆ.
ಡಿಪೋದ ಹುಡುಗರು ಹೀಗೆ ಮಾಡಿದರೆ
ಬೈಯುವವಳು ನಾನೇ.

ಈಗ ನಿಮಿಷಕ್ಕೊಂದು ಚರ್, ಅಷ್ಟೇ.
ಅದೂ ಹೋಗುತ್ತದೆ, ಒಂಚೂರು ಹೆಚ್ಚಿಸಿದರೆ, ಅಂದೆ.
ಕಾಯೆತಾನ್ ನನ್ನ ಮಣಿಕಟ್ಟು ಹಿಡಿದ.
"ಬಿಡು. ಹರಿದದ್ದಾದರೂ ಈಗಿನದೇ ಇರಲಿ.
ತೂತು ಬಂದರೆ ಜಿಗಿಯುತ್ತೇನೆ."

ಎರಡು ಗಂಟೆ. ಓಸ್ತ್ರಾವದವನೂ ಮಲಗಿಲ್ಲ.
ದೀಪ ಆರಿಸಿ ಹುಡುಗನ ಹಿಂದೆ ಕೂತೆ.
ನನಗೆ ಕೇಳುವುದು ಗುಂಡಿಗಳ ಟಿಕ್ ಟಿಕ್,
ಆರುತ್ತಿರುವ ಕೆಟಲಿನ ತಗಡು ಕುಗ್ಗುವ ಸಣ್ಣ ಸದ್ದು.
ನಡುವೆ ಒಮ್ಮೆ ಅವನ ಭುಜ
ಎಡಕ್ಕೆ ವಾಲಿತು, ಉಸಿರು ನಿಂತಿತು.

"ಹದಿನೆಂಟು," ಅಂದ.