ತೊಗಲಿನಲ್ಲೊಂದು ತೂತು

ಫ್ರೀಸ್‌ಲ್ಯಾಂಡಿನ ಅಂಚಿನಲ್ಲಿ, ಕಡಲಿಗಿಂತ ಒಂದು ಮೊಳ ತಗ್ಗಿಗೆ
ನಮ್ಮ ಕನ್ಯಾಮಠ.
ಒಡ್ಡು ಕಟ್ಟಿದ್ದೆವು, ಪ್ರಾರ್ಥನೆಯನ್ನೂ.
ನೀರನ್ನು ತಡೆದದ್ದು ಯಾವುದೋ, ನಾನು ಹೇಳಲಾರೆ.

ಉಗ್ರಾಣ ವೆಂಡೆಲ್‌ಮೂಟಳದು.
ಇಷ್ಟು ಮೇಣ, ಇಷ್ಟು ಉಪ್ಪು,
ತಪಸ್ಸುಕಾಲದ ನಲವತ್ತು ದಿನಕ್ಕೆ ಇಷ್ಟು ಹಾವುಮೀನು
ಎಂದು ಲೆಕ್ಕ ಬರೆಯುತ್ತ ಬರೆಯುತ್ತಲೇ
ಹಾಳೆಯ ಬೆನ್ನಿಗೆ ದೇವರಿಗೊಂದು ಸಾಲು.
ಲ್ಯಾಟಿನ್ ಬರುತ್ತಿತ್ತು ಅವಳಿಗೆ; ಬೇಕೆಂದಾಗ ಬರುತ್ತಿರಲಿಲ್ಲ.
"ಜ್ವರ ಬಂದರೆ ಯಾರಾದರೂ ಲ್ಯಾಟಿನಿನಲ್ಲಿ ನರಳುತ್ತಾರೇನೇ?"
ಎಂದಿದ್ದಳು, ಒಡೆದ ಕೈಗೆ ಹೆಬ್ಬಾತಿನ ಕೊಬ್ಬು ಸವರಿಕೊಳ್ಳುತ್ತ.

ಆ ಚಳಿಗಾಲ ಬರೆದದ್ದರಲ್ಲಿ
ದೇವರನ್ನು ಕೂಗಲು ಒಂದು ಪದವಿತ್ತು.
ನಮ್ಮ ಕಡೆ, ಮಂಜು ಇಳಿವ ಹೊತ್ತಿಗೆ,
ಒಡ್ಡಿನ ಮೇಲೆ ನಿಂತು ಹಸುಗಳನ್ನು ಮನೆಗೆ ಕರೆವ ಪದ.
ಅರ್ಥವಿಲ್ಲ ಅದಕ್ಕೆ. ಉಸಿರು, ಕೊನೆಗೆ ತುಸು ಎಳೆತ.
ಹಸುವಿಗೆ ಗೊತ್ತು.

ಪಾದ್ರಿ ಫೋಲ್‌ಕರ್ಟ್ ಅದರ ಮೇಲೆ ಬೆರಳಿಟ್ಟರು.
"ಉಳಿದದ್ದು ಇರಲಿ. ಇದನ್ನು ಕೆರೆದುಬಿಡಿ.
ಜಗದೊಡೆಯ ಕೊಟ್ಟಿಗೆಗೆ ಬರುವವನಲ್ಲ."
ಬಂದಿದ್ದನಲ್ಲ ಒಂದು ಸಲ, ಹುಟ್ಟುವುದಕ್ಕೇ ಬಂದಿದ್ದನಲ್ಲ!
ಯಾರೂ ಬಾಯಿ ಬಿಡಲಿಲ್ಲ. ನಾನೂ.

ಕೆರೆಯುವ ಕೆಲಸ ನನ್ನದು. ಹದಿನೇಳು ವಯಸ್ಸು, ಒರಟು ಕೈ.
ಮೊದಲು ಚಾಕು, ಆಮೇಲೆ ನೊರೆಗಲ್ಲು, ಆಮೇಲೆ ಸುಣ್ಣದ ಪುಡಿ.
ಮಸಿ ಬಿಡಲೊಲ್ಲದು.
ಕರುವಿನ ತೊಗಲು ಅದು,
ತಾಯನ್ನು ಕರೆವ ಕೂಗನ್ನು ಹೇಗೆ ತಾನೇ ಬಿಟ್ಟುಕೊಟ್ಟೀತು?
ಇನ್ನೂ ಒತ್ತಿದೆ.
ತೂತು.

ಪಾಸ್ಕಕ್ಕೆ ವಾರವಿದೆ ಎನ್ನುವಾಗ, ಊಟದ ಮನೆಯಲ್ಲಿ
ಓದುವ ಸರದಿ ಸ್ವಾನೆಕೆಯದು. ಕಣ್ಣು ಮಂಜು, ಬೆರಳಿಟ್ಟು ಓದುವ ಮುದುಕಿ.
ತೂತಿನೊಳಗಿಂದ ಅಡಿಯ ಹಾಳೆಯ ಲೆಕ್ಕ ಇಣುಕುತ್ತಿತ್ತು.
ಕಂಡದ್ದನ್ನು ಕಂಡಂತೆ ಓದಿದಳು:
"ಕತ್ತಲಾಯಿತು, ಬಾರಯ್ಯ, ಬಾ ನನ್ನ ಹಾವುಮೀನೇ."

ಚಮಚ ಬಿದ್ದ ಸದ್ದು. ಆಮೇಲೆ ತಡೆಯಲಾಗದ ನಗೆ.
ಮೌನ ಮುರಿದ ತಪ್ಪಿಗೆ ಹನ್ನೊಂದು ಮಂದಿಗೆ ಬರೀ ರೊಟ್ಟಿ.

ವೆಂಡೆಲ್‌ಮೂಟ್ ನಕ್ಕಿರಲಿಲ್ಲ.
ರಾತ್ರಿ ಉಗ್ರಾಣದಲ್ಲಿ ತೋಳು ಮಡಿಚಿ
ತೊಟ್ಟಿಗೆ ಮೊಣಕೈವರೆಗೆ ಇಳಿಸಿದಳು.
ಹಿಡಿದಳು. ಹಿಡಿದಷ್ಟೂ ಜಾರಿತು.
"ಸರಿಯಾಗೇ ಓದಿದ್ದಾಳೆ," ಎಂದಳು. "ಹೀಗೇ ಅವನು."
ಕೆನ್ನೆಯ ಮೇಲಿನ ಹನಿ ಅಳುವಿನದೋ ತೊಟ್ಟಿಯದೋ
ದೀಪ ದೂರವಿತ್ತು.

ತೂತಿನ ಸುತ್ತ ಹಸಿರು ರೇಷ್ಮೆಯಲ್ಲಿ ಅಂಚು ಹೊಲಿದೆ ನಾನು.
ಮುಚ್ಚಲಿಲ್ಲ.

ಅವಳು ಹೋಗಿ ಇಪ್ಪತ್ತೆರಡು ವರ್ಷ.
ಇಲ್ಲೇನಿತ್ತು ಎಂದು ಹೊಸ ಹುಡುಗಿಯರು ಕೇಳುತ್ತಾರೆ, ಕಿರುಬೆರಳು ತೂರಿಸಿ.
ಬರೆಯುವುದಿಲ್ಲ. ಕೆರೆದವಳು ನಾನು,
ಸಂಜೆ ಒಡ್ಡಿನ ಮೇಲೆ ಕರೆಯುವವಳೂ ನಾನೇ.
ಕರೆದರೆ ಬರುತ್ತವೆ. ಬಂದರೆ ಕರೆಯುತ್ತೇನೆ,
ಚೊಂಬು ತುಂಬ ಬೆಚ್ಚನೆ ನೊರೆ.
ಎಣಿಸಿ ಮುಗಿದ ಮೇಲೂ
ಕೊಟ್ಟಿಗೆಯ ಅಗಳಿ ಹಾಕುವುದಕ್ಕೆ
ತುಸು ತಡಮಾಡುತ್ತೇನೆ.