ಏಳನೆಯ ಬಾಗಿಲು

ಗ್ಯುಮ್ರಿಯಲ್ಲಿ ನೆಲ ನಡುಗಿ ಹದಿನಾಲ್ಕು ವರ್ಷವಾಗಿತ್ತು,
ನಾವಿನ್ನೂ ತಗಡಿನ ಡಬ್ಬಿಗಳಲ್ಲೇ ಇದ್ದೆವು.
ರೈಲು ಹೊತ್ತು ತಂದು ಇಳಿಸಿದ ಡಬ್ಬಿಗಳು,
'ಎರಡೇ ವರ್ಷ' ಎಂದು ಕೊಟ್ಟವು.
ಬೇಸಿಗೆಯಲ್ಲಿ ಬಾಣಲೆ, ಚಳಿಗಾಲದಲ್ಲಿ ಬಾವಿ.

ಪಕ್ಕದ ಡಬ್ಬಿ ಹಾಯ್ಕನೂಶ್ ಅಜ್ಜಿಯದು.
ಯೆರೆವಾನಿನಲ್ಲಿ ಗಂಡನ ಎದೆ ಕೊಯ್ಯುವ ದಿನ
ಹರಕೆ ಹೊತ್ತಿದ್ದಳು:
ಎದ್ದು ಬಂದರೆ ಒಂದು ಹುಂಜ, ಏಳು ಮನೆಗೆ.
ಅವನು ಏಳಲಿಲ್ಲ.

ನಲವತ್ತು ದಿನ ಕಳೆದ ಮೇಲೆ
ಕಂಕುಳಲ್ಲಿ ಕೆಂಪು ಹುಂಜ ಅವುಚಿಕೊಂಡು
ಅವಳು ಚರ್ಚಿಗೆ ಹೊರಟಾಗ ಓಣಿ ಬೆರಗಾಯಿತು.
'ದೇವರು ತನ್ನ ಪಾಲಿನದು ಮಾಡಲಿಲ್ಲವಲ್ಲ,
ನಿನಗೇಕೆ ಈ ಖರ್ಚು?' ಎಂದಳು ನನ್ನಮ್ಮ.
ಅಜ್ಜಿ ತಿರುಗಿಯೂ ನೋಡಲಿಲ್ಲ.
ಪಾದ್ರಿ ಹರಸಿ ಕೊಟ್ಟ ಕಲ್ಲುಪ್ಪನ್ನು
ಕೊಕ್ಕು ಬಿಡಿಸಿ ಹುಂಜಕ್ಕೆ ತಿನ್ನಿಸಿ,
ವಾಪಸು ಬಂದು, ನಮ್ಮ ಬಾಗಿಲಲ್ಲಿ ನಿಂತು ಅಂದಳು:
'ಉಪ್ಪು ತಿಂದಾಯಿತು ಇದು. ಇನ್ನೇನು ಮಾತು?'

ಬರಿಯ ನೀರು, ಬರಿಯ ಉಪ್ಪು.
ಮೆಣಸಿಲ್ಲ, ಈರುಳ್ಳಿಯಿಲ್ಲ;
ಈ ಮಾಂಸಕ್ಕೆ ರುಚಿ ಕೂಡಿಸಬಾರದು,
ನಾಳೆಗೆ ಎತ್ತಿಡಬಾರದು.
ನನಗಾಗ ಒಂಬತ್ತು. ರೊಟ್ಟಿಯ ಗಂಟು ನನ್ನ ತಲೆಯ ಮೇಲೆ,
ಮುಚ್ಚಳ ಕುಣಿಯುವ ಪಾತ್ರೆ ಅವಳ ಕೈಯಲ್ಲಿ.

ತೆಗೆದುಕೊಂಡವರು ಹೇಳಬೇಕಾದ ಮಾತು ಒಂದೇ:
'ಸಲ್ಲಲಿ.'
ಹೊತ್ತವಳು ಅವಳು, ಹರಸುವ ಬಾಯಿ ಊರಿನದು.
ಆ ಒಂದು ಮಾತಿಗಾಗಿ ಹೊಸ್ತಿಲ ಹೊರಗೆ ಕಾಯುತ್ತಿದ್ದಳು,
ಬೇಡಲು ಬಂದವಳು ತಾನೇ ಎಂಬಂತೆ.

ಕಣ್ಣಿಲ್ಲದ ಶುಶಾನಿಕ್ ಬೆರಳದ್ದಿ ಚೀಪಿ, 'ಸಲ್ಲಲಿ, ಉಪ್ಪು ಹೆಚ್ಚಾಯಿತು' ಎಂದಳು.
ಚಮ್ಮಾರ ಗರೆಗಿನ್ ಕುಡಿದಿದ್ದ,
'ಸಲ್ಲ, ಸಲ್ಲ' ಎಂದು ತೊದಲಿ ಅಲ್ಲೇ ಕುಸಿದು ಅತ್ತ.
ಮೂರು ಮನೆ, ನಾಲ್ಕು, ಐದು.
ಆರನೆಯದು ಅವಳ ನಾದಿನಿ ಅರೂಸ್ಯಾಕಳದು.
ಒಂದು ಸೀಮೆಎಣ್ಣೆ ಒಲೆಯ ಜಗಳಕ್ಕೆ ಒಂಬತ್ತು ವರ್ಷದ ಮೌನ.
ಬಾಗಿಲು ಅರ್ಧ ತೆರೆಯಿತು, ಬಟ್ಟಲು ಒಳಗೆ ಹೋಯಿತು,
ಬಾಗಿಲು ಮುಚ್ಚಿತು.
ನಾವು ನಿಂತೆವು. ನನ್ನ ಕಾಲು ಮರಗಟ್ಟಿತು.
ಬಹಳ ಹೊತ್ತಾದ ಮೇಲೆ ತಗಡಿನ ಆಚೆಯಿಂದ,
ತುತ್ತು ಬಾಯಲ್ಲಿದ್ದಂತೆಯೇ, 'ಸಲ್ಲಲಿ.'

ಏಳನೆಯ ಬಾಗಿಲಿಗೆ ಬೀಗ.
ಆ ಮನೆಯವರು ಬೆಳಗಿನ ಬಸ್ಸಿಗೆ ರಷ್ಯಾದ ಕೂಲಿಗೆ ಹೊರಟುಹೋಗಿದ್ದರು.
ಹಿಮ ಉದುರತೊಡಗಿತ್ತು.
ಪಾತ್ರೆಯಲ್ಲಿ ಒಂದು ರೆಕ್ಕೆ, ಕತ್ತಿನ ತುಂಡು, ಒಂದಿಷ್ಟು ತಿಳಿಸಾರು.
'ನಾನೇ ತಿಂದುಬಿಡಲಾ ಅಜ್ಜಿ?' ಎಂದೆ.
'ನೀನು ಹೊತ್ತವಳು' ಎಂದಳು,
ಹೆದ್ದಾರಿಯ ಕಡೆಗೆ ತಿರುಗಿದಳು.

ಅಲ್ಲಿ ಕೆಟ್ಟು ನಿಂತ ಲಾರಿ.
ನಂಬರ್ ಫಲಕದ ಅಕ್ಷರ ನನಗೆ ಓದಲು ಬರಲಿಲ್ಲ.
ಚಾಲಕ ಯಾವ ದೇಶದವನೋ,
ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು
ಕೈಗೆ ಉಸಿರು ಊದಿಕೊಳ್ಳುತ್ತಿದ್ದ.
ಅಜ್ಜಿ ಮಾತಿಲ್ಲದೆ ಪಾತ್ರೆಯನ್ನೇ ಅವನ ಮುಂದಿಟ್ಟಳು.
ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ.
ಎಲುಬು ಚೀಪಿದ, ಸಾರು ಕುಡಿದ,
ರೊಟ್ಟಿಯಿಂದ ತಳ ಒರೆಸಿದ.

ಅವಳು ಕಾದಳು.
ಆ ಮಾತು ಅವನಿಗೆ ಹೇಗೆ ಗೊತ್ತು!
ಎದ್ದು, ಟೋಪಿ ತೆಗೆದು,
ತನ್ನ ಭಾಷೆಯಲ್ಲಿ ಏನೇನೋ ಹೇಳತೊಡಗಿದ,
ನಿಲ್ಲಿಸಲೇ ಇಲ್ಲ, ಹಿಮ ಅವನ ಬೋಳುತಲೆಯ ಮೇಲೆ ಬಿದ್ದು ಕರಗುತ್ತಿತ್ತು.
ಒಂದೊಂದು ಮಾತಿಗೂ ಅಜ್ಜಿ ತಲೆಯಾಡಿಸಿದಳು,
ಸಂತೆಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವಾಗಿನಂತೆ.

ದಾರಿಯಲ್ಲಿ ಕೇಳಿದೆ: 'ಏನಂದ ಅವನು?'
'ನನಗೇನು ಗೊತ್ತು? ನನಗೆ ಹೇಳಿದ್ದಲ್ಲವಲ್ಲ.'
ಖಾಲಿ ಪಾತ್ರೆಯೊಳಗೆ ಸೌಟು ಗಲಗಲ ಎನ್ನುತ್ತಿತ್ತು.

ಆ ರಾತ್ರಿ ಅಮ್ಮ ನನ್ನನ್ನು ಎಬ್ಬಿಸಿದಳು.
'ಕೇಳು' ಎಂದಳು ಪಿಸುದನಿಯಲ್ಲಿ, ಕಿವಿ ಗೋಡೆಗಿಟ್ಟು.
ತಗಡಿನಾಚೆ, ನಲವತ್ತು ರಾತ್ರಿಗಳ ಮೇಲೆ ಮೊದಲ ಸಲ,
ಹಾಯ್ಕನೂಶ್ ಅಜ್ಜಿಯ
ದೊಡ್ಡ, ನಾಚಿಕೆಯಿಲ್ಲದ ಗೊರಕೆ.