ಓಟಿ

ಕಾಫಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲೇ
ಬೂತುವಾರು ಬರೆದುಕೊಂಡೆ.
ಸಿದ್ದಾಪುರ ಪೇಟೆ: ನಮಗೆ ಮುನ್ನೂರು ಹೆಚ್ಚು.
ಪಾಲಿಬೆಟ್ಟದಲ್ಲಿ ಅದರರ್ಧ ಹೋಯಿತು,
ಹೊಳೆಯಾಚೆ ಮಿಕ್ಕದ್ದೂ.

ಕಟ್ಟಕಡೆಗೆ ಸೋತದ್ದು ಹನ್ನೊಂದರಲ್ಲಿ.

ಚೆರಿ ಮಾರುವವರಿಗೆ ಗೊತ್ತು,
ಮೂಟೆ ಎಷ್ಟೇ ಉಬ್ಬಿರಲಿ
ದರ ನಿಲ್ಲುವುದು ಓಟಿಯ ಮೇಲೆ,
ಸಿಪ್ಪೆ ಕಳೆದು ತಟ್ಟೆಯಲ್ಲುಳಿದ ಬೀಜದ ಮೇಲೆ.

ಹೆಕ್ಕಿದ ಕಾಳುಮೆಣಸು ತೂಗಿಸಲು ಬಂದ
ಲೈನ್‌ಮನೆಯ ಎರವರ ಚೋಮಿ
ತಾನಾಗಿಯೇ ಹೇಳಿದಳು:
"ಅವತ್ತು ಹದಿನಾರು ಜನ ಹೊರಟಿದ್ದೆವು ಅಣ್ಣಾ,
ಶಾಲೆ ದಾರೀಲಿ ಒಂಟಿ ನಿಂತಿತ್ತು.
ಸಂಜೆವರೆಗೂ ಕದಲಲಿಲ್ಲ."

ಯಾರದು ಯಾರಿಗಿತ್ತೋ, ಕೇಳಲಿಲ್ಲ.
ಬೂತು ತೊಂಬತ್ತಮೂರರ ಎದುರು
ಪೆನ್ಸಿಲಿನಲ್ಲಿ 'ಆನೆ' ಎಂದಷ್ಟೇ ಬರೆದು
ಅವಳ ಕಾಳು ತೂಗಿದೆ.
ಒಂದು ಕಿಲೋ, ಮೇಲೆ ನಲವತ್ತು ಗ್ರಾಂ.

ನಲವತ್ತಕ್ಕೂ ದುಡ್ಡು ಕೊಟ್ಟೆ.